ಒಂದೇ ಸ್ಪ್ರಿಂಗು, ಎರಡು ಊರಿನ ಟೈಮು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಾಲ್ಕು ಮುಳ್ಳಿನ ವಾಚಿನ, ಅಂದರೆ ಇನ್ನೊಂದು ಊರಿನ ಟೈಮನ್ನೂ ತೋರಿಸುವ ಜಿಎಂಟಿ (ಗ್ರೀನ್‌ವಿಚ್ ಸಮಯ) ವಾಚಿನ ಬಗ್ಗೆಯೇ ಇವೆ. ಅದಕ್ಕೇ ಗೋಡೆ ಗಡಿಯಾರದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ಮಗ ನ್ಯೂಜೆರ್ಸಿಯಿಂದ ಬಂದಾಗ ನನಗೊಂದು ಜಿಎಂಟಿ ವಾಚು ತಂದುಕೊಟ್ಟ. ಬ್ಯಾಟರಿ ಇಲ್ಲ, ಕೈ ಅಲ್ಲಾಡಿದರೆ ಸಾಕು, ತಾನೇ ಕೀ ತಗೊಳ್ಳುತ್ತದೆ. ‘ನಾಲ್ಕನೇ ಮುಳ್ಳಲ್ಲಿ ನಮ್ಮೂರ ಟೈಮು ಇಟ್ಕೊಳ್ಳಿ ಅಪ್ಪ, ಫೋನ್ ಮಾಡೋಕೆ ಅನುಕೂಲ’ ಅಂದ. ಆದರೆ ಆ ಮುಳ್ಳು ಒಂದೊಂದು ಗಂಟೆ ಜಿಗಿಯುತ್ತದೆ, ಅರ್ಧ ಗಂಟೆಗೆ ನಿಲ್ಲುವುದೇ ಇಲ್ಲ. ಈಗ ಬೇಸಿಗೆಯಲ್ಲಿ ಅವರಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ವಾಚು ಕೆಟ್ಟಿದೆಯಾ? ಮತ್ತೆ, ಒಂದೇ ಮಷೀನು ಎರಡು ಟೈಮು ಹೇಗೆ ತೋರಿಸುತ್ತದೆ? (ನಿವೃತ್ತ ಮೇಷ್ಟ್ರು, ಮೈಸೂರು)

ಉತ್ತರ: ವಾಚು ಕೆಟ್ಟಿಲ್ಲ ಮೇಷ್ಟ್ರೇ, ಚೆನ್ನಾಗಿದೆ. ತೊಡಕಿರುವುದು ನಮ್ಮ ಅರ್ಧ ಗಂಟೆಯಲ್ಲಿ. ಅಲ್ಲಿಗೆ ಬರುತ್ತೇನೆ. ಮೊದಲು ನಿಮ್ಮ ಎರಡನೇ ಪ್ರಶ್ನೆ, ಯಾಕೆಂದರೆ ಅದು ಗೊತ್ತಾದರೆ ಮೊದಲನೆಯದು ತಾನೇ ಬಿಡಿಸಿಕೊಳ್ಳುತ್ತದೆ.

ವಾಚಿನೊಳಗೆ ಎರಡು ಮಷೀನು ಇಲ್ಲ. ಒಂದು ಸುರುಳಿ ಸ್ಪ್ರಿಂಗು, ಅತ್ತಿತ್ತ ತೂಗುತ್ತಾ ಹೊತ್ತು ಅಳೆಯುವ ಒಂದು ಬ್ಯಾಲೆನ್ಸ್ ಚಕ್ರ, ಅಷ್ಟೇ. ಇವತ್ತಿನ ಎಷ್ಟೋ ವಾಚುಗಳಲ್ಲಿ ಆ ಬ್ಯಾಲೆನ್ಸು ಗಂಟೆಗೆ 28,800 ಸಲ, ಅಂದರೆ ಸೆಕೆಂಡಿಗೆ 8 ಸಲ ಬಡಿಯುತ್ತದೆ. ಸೆಕೆಂಡು, ನಿಮಿಷ, ಗಂಟೆ, ತಾರೀಕು, ಅಮೆರಿಕದ ಟೈಮು, ಎಲ್ಲವೂ ಆ ಒಂದೇ ಬಡಿತವನ್ನು ಹಲ್ಲಿನ ಚಕ್ರಗಳಿಂದ ಭಾಗಿಸಿ ತೆಗೆದದ್ದು. ನೀವು ಮಗ್ಗಿ ಕಲಿಸಿದವರು, ಲೆಕ್ಕ ನೋಡಿ. ನಿಮಿಷದ ಮುಳ್ಳು ಕೂತಿರುವ ಪುಟ್ಟ ಚಕ್ರ ಗಂಟೆಗೆ ಒಂದು ಸುತ್ತು ಹಾಕುತ್ತದೆ. ಅದಕ್ಕೆ 10 ಹಲ್ಲು ಅಂತ ಇಟ್ಟುಕೊಳ್ಳಿ. ಪಕ್ಕದ ಚಕ್ರಕ್ಕೆ 30 ಹಲ್ಲು, ಹಾಗಾಗಿ ಅದು ಒಂದು ಸುತ್ತು ಬರೋದಕ್ಕೆ ಮೂರು ಗಂಟೆ ಬೇಕು. ಅದರ ಬೆನ್ನಿಗೇ ಅಂಟಿಕೊಂಡಂತೆ 8 ಹಲ್ಲಿನ ಇನ್ನೊಂದು ಪುಟ್ಟ ಚಕ್ರ, ಅದು 32 ಹಲ್ಲಿನ ಗಂಟೆ ಚಕ್ರವನ್ನು ತಿರುಗಿಸುತ್ತದೆ. ಅಲ್ಲಿ ನಾಲ್ಕು ಪಟ್ಟು. ಮೂರು ನಾಲ್ಕಲಿ ಹನ್ನೆರಡು. ನಿಮಿಷದ ಮುಳ್ಳು ಹನ್ನೆರಡು ಸುತ್ತು ಹಾಕಿದಾಗ ಗಂಟೆ ಮುಳ್ಳು ಒಂದು ಸುತ್ತು. ಹಲ್ಲಿನ ಸಂಖ್ಯೆ ವಾಚಿನಿಂದ ವಾಚಿಗೆ ಬೇರೆ ಇರುತ್ತದೆ, ಆದರೆ ಗುಣಿಸಿದರೆ ಹನ್ನೆರಡೇ ಬರಬೇಕು.

ಜಿಎಂಟಿ ವಾಚಿನಲ್ಲಿ ಇದರ ಮೇಲೆ ಇನ್ನೊಂದೇ ಒಂದು ಭಾಗಾಕಾರ: ಎರಡರಿಂದ. ಗಂಟೆ ಚಕ್ರದ ಅರ್ಧ ವೇಗದಲ್ಲಿ ತಿರುಗುವ ಚಕ್ರವೊಂದನ್ನು ಸೇರಿಸಿ ಅದರ ಮೇಲೆ ನಾಲ್ಕನೇ ಮುಳ್ಳು ಕೂರಿಸುತ್ತಾರೆ. ಅದು ದಿನಕ್ಕೆ ಒಂದೇ ಸುತ್ತು. ಅದಕ್ಕೇ ಅಂಚಿನ ಬಳೆಯ ಮೇಲೆ 24ರವರೆಗೆ ಅಂಕಿ ಬರೆದಿರುತ್ತದೆ. ಇದರಿಂದ ದೊಡ್ಡ ಲಾಭ ಏನೆಂದರೆ ಅಲ್ಲಿ ಹಗಲೋ ರಾತ್ರಿಯೋ ಅನ್ನುವ ಗೊಂದಲ ಇಲ್ಲ. 1950ರ ದಶಕದ ನಡುವೆ ಪ್ಯಾನ್ ಆಮ್ ವಿಮಾನ ಕಂಪನಿಯ ಪೈಲಟ್‌ಗಳಿಗಾಗಿ ರೋಲೆಕ್ಸ್ ಮಾಡಿದ ಜಿಎಂಟಿ ಮಾಸ್ಟರ್‌ನಲ್ಲೂ ಇದೇ ಏರ್ಪಾಡು. ಆ ಕೆಂಪು ನೀಲಿ ಬಳೆಯೂ ಅಲ್ಲಿಂದಲೇ ಬಂತು, ನೀಲಿ ರಾತ್ರಿಗೆ, ಕೆಂಪು ಹಗಲಿಗೆ.

ಈಗ ನಿಮ್ಮ ಜಿಗಿತ. ನಾಲ್ಕನೇ ಮುಳ್ಳು ತನ್ನ ಚಕ್ರಕ್ಕೆ ಗಟ್ಟಿಯಾಗಿ ಅಂಟಿಕೊಂಡಿಲ್ಲ. ನಡುವೆ ನಕ್ಷತ್ರದ ಹಾಗೆ ಮೊನೆಗಳಿರುವ ಒಂದು ಪುಟ್ಟ ಚಕ್ರವೂ ಅದನ್ನು ಒತ್ತಿಕೊಂಡಿರುವ ತೆಳ್ಳಗಿನ ಸ್ಪ್ರಿಂಗೂ ಇರುತ್ತವೆ. ನೀವು ಕೀ ತಿರುಗಿಸಿದಾಗ ಸ್ಪ್ರಿಂಗು ಒಂದು ಸಂದಿನಿಂದ ಎದ್ದು ಮುಂದಿನ ಸಂದಿಗೆ ಬೀಳುತ್ತದೆ, ಮುಳ್ಳು ಸರಿಯಾಗಿ ಒಂದು ಗಂಟೆ ಜಿಗಿಯುತ್ತದೆ. ಸಂದು ಇರುವುದೇ ಗಂಟೆಗೊಂದರಂತೆ, ಹಾಗಾಗಿ ಅರ್ಧದಲ್ಲಿ ನಿಲ್ಲುವುದಕ್ಕೆ ಜಾಗವೇ ಇಲ್ಲ. ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗುವವರಿಗೆ ಇದು ಸಾಕು. ನಮಗೆ ಸಾಲದು.

ನಮ್ಮದು ಅರ್ಧ ಗಂಟೆ ಯಾಕೆ ಅಂದರೆ, ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದಾರೆ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 82.5ನ್ನು 15ರಿಂದ ಭಾಗಿಸಿ, ಐದೂವರೆ. ಅಂದರೆ ರೇಖಾಂಶದ ಲೆಕ್ಕ ಶುರುವಾಗುವ ಲಂಡನ್ನಿನ ಗ್ರೀನ್‌ವಿಚ್‌ಗಿಂತ ನಾವು ಐದೂವರೆ ಗಂಟೆ ಮುಂದೆ. 1906ರಿಂದ ಇದೇ ಲೆಕ್ಕ. ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತನ್ನೇ ಹಿಡಿದರೆ ನಮ್ಮ ಗಡಿಯಾರಗಳು ಇನ್ನೂ ಸುಮಾರು 20 ನಿಮಿಷ ಹಿಂದೆ ಇರಬೇಕಿತ್ತು. ಇಡೀ ದೇಶಕ್ಕೆ ಒಂದೇ ಸಮಯ ಅಂತ ಮಾಡಿಕೊಂಡದ್ದು ಒಳ್ಳೆಯದೇ ಆಯಿತು, ಆದರೆ ಆ ಅರ್ಧ ಗಂಟೆ ಮಾತ್ರ ವಾಚು ಕಟ್ಟುವವರಿಗೆ ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ.

ಸರಿ, ನೀವು ಏನು ಮಾಡಬೇಕು? ಅಂಚಿನ ಬಳೆಯನ್ನು ತಿರುಗಿಸಿ ನೋಡಿ. ಟಕ್ ಟಕ್ ಅನ್ನದೆ ನಯವಾಗಿ ತಿರುಗಿದರೆ ನಿಮ್ಮ ಕೆಲಸ ಆದ ಹಾಗೆ. ಸಂಜೆ ಸರಿಯಾಗಿ 8 ಗಂಟೆಗೆ ನಾಲ್ಕನೇ ಮುಳ್ಳನ್ನು 10ರ ಮೇಲೆ ನಿಲ್ಲಿಸಿ. ಆಗ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 10.30. ಈಗ ಬಳೆಯನ್ನು ಎಡಕ್ಕೆ, ಅಂದರೆ ಗಡಿಯಾರ ತಿರುಗುವ ದಿಕ್ಕಿಗೆ ವಿರುದ್ಧವಾಗಿ, ಅರ್ಧ ಅಂಕಿಯಷ್ಟು ಸರಿಸಿ. ಮುಳ್ಳಿನ ತುದಿ ಬಳೆಯ 10ಕ್ಕೂ 11ಕ್ಕೂ ಮಧ್ಯೆ ಬಂತಲ್ವಾ? ಅಲ್ಲಿಗೆ ಬಿಟ್ಟುಬಿಡಿ. ನವೆಂಬರಿನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ, ಆಗ ಮುಳ್ಳನ್ನು ಒಂದು ಜಿಗಿತ ಹಿಂದಕ್ಕೆ ತನ್ನಿ, ಮಾರ್ಚಿನಲ್ಲಿ ಮತ್ತೆ ಮುಂದಕ್ಕೆ. ಬಳೆ ಮುಟ್ಟಬೇಕಿಲ್ಲ.

ಬಳೆ ಗಂಟೆಗೊಂದು ಟಕ್ ಅಂತ ಮಾತ್ರ ತಿರುಗುವ ವಾಚಾದರೆ ಬೇರೆ ದಾರಿ. ಗಂಟೆಯನ್ನು ನಾಲ್ಕನೇ ಮುಳ್ಳಿನಲ್ಲಿ ನೋಡಿ, ನಿಮಿಷವನ್ನು ನಿಮಿಷದ ಮುಳ್ಳಿನ ಬಾಲದ ಕಡೆ ಓದಿ. ಮುಳ್ಳು 10 ನಿಮಿಷ ತೋರಿಸುತ್ತಿದ್ದರೆ ಬಾಲ 40ರ ಕಡೆ ಇರುತ್ತದೆ, ಮಗನ ಊರಲ್ಲಿ 40 ನಿಮಿಷ. ನಮ್ಮ ನಿಮಿಷ 30 ದಾಟಿದ ಮೇಲೆ ಮಾತ್ರ ಅಲ್ಲಿಗೆ ಒಂದು ಗಂಟೆ ಸೇರಿಸಿಕೊಳ್ಳಬೇಕು. ಎರಡು ದಿನದಲ್ಲಿ ರೂಢಿಯಾಗುತ್ತದೆ. ಒಳ್ಳೆಯ ರಿಪೇರಿಯವರು ಮುಳ್ಳನ್ನು ಬಿಚ್ಚಿ ಅರ್ಧ ಗಂಟೆ ಪಕ್ಕಕ್ಕೆ ಕೂರಿಸಿಯೂ ಕೊಡಬಲ್ಲರು, ಆದರೆ ಹೊಸ ವಾಚನ್ನು ಅಷ್ಟಕ್ಕಾಗಿ ಬಿಚ್ಚಿಸಬೇಡಿ ಅಂತ ನನ್ನ ಸಲಹೆ.

ಇನ್ನೊಂದು ವಿಷಯ ನೆನಪಿಡಿ, ತಾರೀಕಿನ ಕಿಟಕಿ ಮೈಸೂರಿನದು ಮಾತ್ರ. ಮಂಗಳವಾರ ಬೆಳಿಗ್ಗೆ 7ಕ್ಕೆ ನೀವು ಕಾಫಿ ಕುಡಿಯುವಾಗ ಮಗನಿಗೆ ಇನ್ನೂ ಸೋಮವಾರ ರಾತ್ರಿ 9.30.

ಪ್ರಶ್ನೆ: ನನ್ನ ಆಟೋಮ್ಯಾಟಿಕ್ ವಾಚಿನಲ್ಲಿ ತಾರೀಕು ಮಧ್ಯಾಹ್ನ 12ಕ್ಕೆ ಬದಲಾಗುತ್ತಿದೆ. ಅಂಗಡಿಯವರು ‘ರಾತ್ರಿ ಹೊತ್ತು ತಾರೀಕು ತಿರುಗಿಸಬೇಡಿ’ ಅಂತಲೂ ಹೇಳಿದರು. ಇದೇನು ನಂಬಿಕೆಯೋ, ಕಾರಣ ಇದೆಯೋ? (ಓದುಗರು, ದಾವಣಗೆರೆ)

ಉತ್ತರ: ಕಾರಣ ಇದೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ತಾರೀಕು ಬರೆದಿರುವುದು ಡಯಲ್ಲಿನ ಕೆಳಗಿರುವ ಒಂದು ಬಳೆಯ ಮೇಲೆ. ಆ ಬಳೆಯ ಒಳ ಅಂಚಿಗೆ 31 ಹಲ್ಲು. ಗಂಟೆ ಚಕ್ರದಿಂದ ತಿರುಗುವ ಇನ್ನೊಂದು ಚಕ್ರ 24 ಗಂಟೆಗೆ ಒಂದು ಸುತ್ತು ಬರುತ್ತದೆ, ಅದಕ್ಕೊಂದು ಪುಟ್ಟ ಬೆರಳು ಇದೆ. ದಿನವಿಡೀ ಬೆರಳು ಸುಮ್ನೆ ಗಾಳಿಯಲ್ಲಿ ತಿರುಗುತ್ತಿರುತ್ತದೆ. ರಾತ್ರಿಯಾದಾಗ ಬಳೆಯ ಹಲ್ಲಿಗೆ ತಾಕಿ ನಿಧಾನಕ್ಕೆ ತಳ್ಳಲು ಶುರು ಮಾಡುತ್ತದೆ. ಬಳೆ ಅಲ್ಲಾಡದಂತೆ ಹಿಡಿದಿರುವ ಸ್ಪ್ರಿಂಗು ಮೇಲೇಳುತ್ತಾ ಹೋಗಿ, ಹಲ್ಲಿನ ಮೊನೆ ದಾಟಿದ ತಕ್ಷಣ ಮುಂದಿನ ಸಂದಿಗೆ ಬೀಳುತ್ತದೆ. ಕಿಟಕಿಯಲ್ಲಿ ಹೊಸ ತಾರೀಕು. ಬಹಳಷ್ಟು ವಾಚುಗಳಲ್ಲಿ ಇದೆಲ್ಲ ಮುಗಿಯೋದಕ್ಕೆ ಗಂಟೆಗಳೇ ಹಿಡಿಯುತ್ತವೆ.

ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಆ ಬೆರಳು ಹಲ್ಲಿನ ನಡುವೆ ಇರಬಹುದು. ಆ ಹೊತ್ತಿನಲ್ಲಿ ನೀವು ಕೀ ಎಳೆದು ತಾರೀಕು ತಿರುಗಿಸಿದರೆ ಒಂದು ಕಡೆಯಿಂದ ಬೆರಳು, ಇನ್ನೊಂದು ಕಡೆಯಿಂದ ನಿಮ್ಮ ಕೈ. ಮೆತ್ತಗಿರುವುದು ಮುರಿಯುತ್ತದೆ. ಹೀಗೆ ಹಲ್ಲು ಮುರಿದುಕೊಂಡು ಬಂದ ವಾಚುಗಳನ್ನು ನಾನು ಎಷ್ಟು ಬಿಚ್ಚಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ತಪ್ಪಿಸಬಹುದಾಗಿದ್ದ ಗಾಯ ಅದು. ಈಗ ರಾತ್ರಿಯಲ್ಲ, ಹಗಲು ಅಂತ ಧೈರ್ಯ ಮಾಡಬೇಡಿ. ಮುಖ್ಯ ಹೊರಗಿನ ಹೊತ್ತಲ್ಲ, ನಿಂತುಹೋದ ವಾಚಿನ ಮುಳ್ಳು ಎಲ್ಲಿದೆ ಅನ್ನೋದು. ಆದ್ದರಿಂದ ಯಾವಾಗಲೂ ಮೊದಲು ಎರಡೂ ಮುಳ್ಳನ್ನು ಕೆಳಗೆ 6ರ ಹತ್ತಿರ ತನ್ನಿ, ಆಮೇಲೆ ತಾರೀಕು ಇಡಿ, ಕೊನೆಗೆ ಟೈಮು.

ಮಧ್ಯಾಹ್ನ ಬದಲಾಗೋದು ರೋಗವಲ್ಲ. ಗಂಟೆ ಮುಳ್ಳಿಗೆ ಹಗಲಿನ 12 ಯಾವುದು, ರಾತ್ರಿಯ 12 ಯಾವುದು ಅಂತ ತೋರಿಸಲು ಬರುವುದಿಲ್ಲ. ನೀವು ಟೈಮು ಇಟ್ಟಾಗ ಅರ್ಧ ದಿನ ತಪ್ಪಿದೆ. ಮುಳ್ಳನ್ನು ಮುಂದಕ್ಕೆ 12 ಗಂಟೆ ತಿರುಗಿಸಿ, ಸರಿಹೋಗುತ್ತದೆ.

ಪ್ರಶ್ನೆ: ಕೆಲಸದ ಮೇಲೆ ವರ್ಷಕ್ಕೆ ಏಳೆಂಟು ಸಲ ಫ್ರಾಂಕ್‌ಫರ್ಟಿಗೆ ಹೋಗುತ್ತೇನೆ. ಜಿಎಂಟಿ ವಾಚುಗಳಲ್ಲಿ ಎರಡು ಜಾತಿ ಇವೆಯಂತೆ. ನನಗೆ ಯಾವುದು? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಒಂದು ಜಾತಿಯಲ್ಲಿ ನಾಲ್ಕನೇ ಮುಳ್ಳು ಜಿಗಿಯುತ್ತದೆ. ಊರಲ್ಲೇ ಇದ್ದು ದೂರದವರಿಗೆ ಫೋನ್ ಮಾಡುವವರಿಗೆ ಅದು ಒಳ್ಳೆಯದು, ಮೇಲಿನ ಮೇಷ್ಟ್ರ ಹತ್ತಿರ ಇರುವುದು ಅದೇ. ಸೈಕೊ ಕಂಪನಿ 2022ರಲ್ಲಿ ತಂದ ಜಿಎಂಟಿ ಈ ಜಾತಿಯದು, ಕಡಿಮೆ ಬೆಲೆಗೆ ಜಿಎಂಟಿ ಸಿಗುವ ಹಾಗೆ ಆಗಿದ್ದರಲ್ಲಿ ಅದರ ಪಾಲು ದೊಡ್ಡದು. ಇನ್ನೊಂದು ಜಾತಿಯಲ್ಲಿ ಮುಖ್ಯ ಗಂಟೆ ಮುಳ್ಳೇ ಜಿಗಿಯುತ್ತದೆ, ನಿಮಿಷ ಸೆಕೆಂಡು ಓಡುತ್ತಲೇ ಇರುತ್ತವೆ, ವಾಚು ನಿಲ್ಲಿಸಬೇಕಿಲ್ಲ. ತಾರೀಕು ಆ ಮುಳ್ಳಿಗೇ ಕಟ್ಟಿಕೊಂಡಿರುವುದರಿಂದ ಮಧ್ಯರಾತ್ರಿ ದಾಟಿ ಹಿಂದಕ್ಕೆ ತಂದರೆ ತಾರೀಕೂ ಹಿಂದಕ್ಕೆ ಬರುತ್ತದೆ. ಓಡಾಡುವವರಿಗೆ ಇದೇ ಬೇಕು. 1980ರ ದಶಕದ ಶುರುವಿನಲ್ಲಿ ಬಂದ ರೋಲೆಕ್ಸ್ ಜಿಎಂಟಿ ಮಾಸ್ಟರ್ 2 ಹೀಗಿದೆ, ಈಗ ಜಪಾನಿನ ಮಿಯೋಟಾ ಮಷೀನು ಹಾಕಿದ, ಅಷ್ಟು ದುಬಾರಿಯಲ್ಲದ ವಾಚುಗಳೂ ಸಿಗುತ್ತವೆ.

ನಿಮಗೆ ಎರಡನೆಯದು ಅಂತಲೇ ಹೇಳಬೇಕಿತ್ತು. ಆದರೆ ನಿಮ್ಮ ದಾರಿ ಬೆಂಗಳೂರು ಮತ್ತು ಫ್ರಾಂಕ್‌ಫರ್ಟ್, ಮಧ್ಯೆ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ. ಎಷ್ಟು ಜಿಗಿಸಿದರೂ ಆ ಅರ್ಧ ಗಂಟೆ ಉಳಿದೇ ಉಳಿಯುತ್ತದೆ, ನಿಮಿಷದ ಮುಳ್ಳನ್ನು ಪ್ರತಿ ಸಲ ಇಳಿದ ಮೇಲೆ ಕೈಯಾರೆ ಸರಿಸಬೇಕು. ಹಾಗಾಗಿ ಜಾತಿಗಿಂತ ಬಳೆ ನೋಡಿ ಕೊಳ್ಳಿ. ನಯವಾಗಿ ತಿರುಗುವುದು, ಇಲ್ಲವೇ ಅರ್ಧ ಗಂಟೆಗೊಂದು ಟಕ್ ಅನ್ನುವುದು. ಅಂಗಡಿಯಲ್ಲೇ ತಿರುಗಿಸಿ ನೋಡಿ.

ಪ್ರಶ್ನೆ: ಫೆಬ್ರವರಿ 28 ಆದ ಮೇಲೆ ನನ್ನ ವಾಚು 29, 30, 31 ಅಂತ ಹೋಗುತ್ತದೆ. ತಿಂಗಳು ತಿಳಿಯುವ ವಾಚು ಇದೆಯಾ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಇದೆ, ನನಗೆ ಬಲು ಇಷ್ಟವಾದ ಕೆಲಸ ಅದು. ಮುಷ್ಟಿ ಹಿಡಿದು ಗೆಣ್ಣು ಎಣಿಸಿದ್ದೀರಲ್ವಾ? ಉಬ್ಬಿದ ಗೆಣ್ಣು ಬಂದರೆ 31, ತಗ್ಗು ಬಂದರೆ ಕಡಿಮೆ. ಆ ವಾಚಿನೊಳಗೆ ಇರುವುದೂ ಅಂಥದ್ದೇ ಮುಷ್ಟಿ. 48 ತಿಂಗಳ ಉಬ್ಬು ತಗ್ಗು ಕೊರೆದ ಒಂದು ಚಕ್ರ, ನಾಲ್ಕು ವರ್ಷಕ್ಕೆ ಒಂದೇ ಸುತ್ತು. ಅದರ ಅಂಚನ್ನು ಒಂದು ಸಣ್ಣ ಕಡ್ಡಿ ತಡವುತ್ತಿರುತ್ತದೆ. ಉಬ್ಬಿನ ಮೇಲೆ ಕೂತರೆ 31 ದಿನದ ತಿಂಗಳು, ತಗ್ಗಿಗೆ ಇಳಿದರೆ 30, ಆಳದ ಗುಂಡಿಗೆ ಬಿದ್ದರೆ ಫೆಬ್ರವರಿ. ನಾಲ್ಕು ಗುಂಡಿಗಳಲ್ಲಿ ಒಂದು ಸ್ವಲ್ಪ ಕಡಿಮೆ ಆಳ, ಅದು ಅಧಿಕ ವರ್ಷದ 29. ಕಡ್ಡಿ ಎಷ್ಟು ಇಳಿಯಿತೋ ಅದರ ಪ್ರಕಾರ ತಿಂಗಳ ಕೊನೆಯಲ್ಲಿ ತಾರೀಕು ಎಷ್ಟು ಹಲ್ಲು ದಾಟಬೇಕೋ ಅಷ್ಟು ದಾಟುತ್ತದೆ. ಇಂಗ್ಲೆಂಡಿನ ಥಾಮಸ್ ಮಡ್ಜ್ 18ನೇ ಶತಮಾನದಲ್ಲೇ ಇದನ್ನು ಜೇಬು ಗಡಿಯಾರದಲ್ಲಿ ಮಾಡಿದ್ದರು. 1925ರಲ್ಲಿ ಸ್ವಿಟ್ಜರ್ಲೆಂಡಿನ ಪಾಟೆಕ್ ಫಿಲಿಪ್ ಕಂಪನಿ ಕೈಗಡಿಯಾರಕ್ಕೆ ತಂದಿತು. 2100 ಅಧಿಕ ವರ್ಷ ಅಲ್ಲ, ಆ ಮಾರ್ಚ್ 1ರಂದು ಇಂಥ ಬಹುತೇಕ ವಾಚುಗಳನ್ನು ಕೈಯಿಂದ ತಿದ್ದಬೇಕಾಗುತ್ತದೆ.

ನಿಮ್ಮ ವಾಚಿಗೆ ವರ್ಷಕ್ಕೆ ಐದು ಸಲ ತಿದ್ದುವ ಕೆಲಸ. ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ತಿಂಗಳ ಮೊದಲ ದಿನ.

ಪ್ರಶ್ನೆ: ಡಯಲ್ ಸುತ್ತ ಊರುಗಳ ಹೆಸರಿರುವ ವಾಚಿನಲ್ಲಿ ನಮ್ಮ ಊರೇ ಇಲ್ಲವಲ್ಲ? (ಓದುಗರು, ಮಂಗಳೂರು)

ಉತ್ತರ: ಜಿನೀವಾದ ವಾಚು ಕಟ್ಟುವ ಲೂಯಿ ಕೊಟಿಯೆ 1931ರ ಸುಮಾರಿಗೆ ಮಾಡಿದ ಏರ್ಪಾಡು ಅದು. ಊರುಗಳ ಪಟ್ಟಿ ನಿಂತಿರುತ್ತದೆ, ಪಕ್ಕದಲ್ಲಿ 24 ಗಂಟೆಯ ಬಳೆ ಹಿಮ್ಮುಖವಾಗಿ ತಿರುಗುತ್ತದೆ, ಎಲ್ಲ ಊರಿನ ಗಂಟೆ ಒಂದೇ ನೋಟಕ್ಕೆ ಸಿಗುತ್ತದೆ. ಜಾಗ 24ಕ್ಕೆ ಮಾತ್ರ, ಅರ್ಧ ಗಂಟೆಯವರು ಹೊರಗೆ. ಕರಾಚಿ ನೋಡಿ ಅರ್ಧ ಗಂಟೆ ಸೇರಿಸಿಕೊಳ್ಳಿ. ಸ್ವಿಟ್ಜರ್ಲೆಂಡಿನ ವಾಶರಾನ್ ಕಾನ್‌ಸ್ಟಾಂಟಿನ್ ಕಂಪನಿ 2011ರಲ್ಲಿ 37 ಸಮಯ ತೋರಿಸುವ ವಾಚು ಮಾಡಿ ಅರ್ಧ, ಮುಕ್ಕಾಲು ಗಂಟೆಯವರನ್ನೂ ಒಳಗೆ ಸೇರಿಸಿಕೊಂಡಿತು. ಬೆಲೆ ನಮ್ಮ ನಿಮ್ಮ ಕೈಗೆ ಎಟುಕುವಂಥದ್ದಲ್ಲ.

ಪ್ರಶ್ನೆ: ನಾನು ಹ್ಯಾಮ್ ರೇಡಿಯೊ (ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವುದು) ಕಲಿಯುತ್ತಿದ್ದೇನೆ, ಎಲ್ಲವನ್ನೂ ಗ್ರೀನ್‌ವಿಚ್ ಸಮಯದಲ್ಲೇ ಬರೆದಿಡಬೇಕು. ನನ್ನ ಹತ್ತಿರ ಇರುವುದು ತಾತನ ಹಳೇ ಎಚ್‌ಎಂಟಿ ಮಾತ್ರ. ಜಿಎಂಟಿ ವಾಚು ಕೊಳ್ಳಲೇಬೇಕಾ? (ಓದುಗರು, ತುಮಕೂರು)

ಉತ್ತರ: ಬೇಡ. ನಾನು ಕೆಲಸ ಕಲಿತದ್ದೂ ಎಚ್‌ಎಂಟಿ ಮೇಲೆಯೇ, ಆ ವಾಚು ನಿಮಗೆ ಸಾಕು. ಕೈಯಿಂದ ಬಿಚ್ಚಿ ತಲೆಕೆಳಗಾಗಿ ಹಿಡಿಯಿರಿ. ನಮ್ಮಲ್ಲಿ 10.10 ಆಗಿದ್ದರೆ ಗಂಟೆ ಮುಳ್ಳು 4 ಇರುವ ಜಾಗಕ್ಕೆ ಬರುತ್ತದೆ, ನಿಮಿಷದ ಮುಳ್ಳು 40ರ ಜಾಗಕ್ಕೆ. 4.40, ಗ್ರೀನ್‌ವಿಚ್ ಸಮಯ ಅದೇ. ಗಂಟೆ ಮುಳ್ಳು ಅರ್ಧ ಗಂಟೆಯಷ್ಟು ಹಿಂದೆ ಉಳಿದ ಹಾಗೆ ಕಾಣುತ್ತದೆ, ಅದನ್ನು ಮನಸ್ಸಿನಲ್ಲಿ ಸ್ವಲ್ಪ ಮುಂದಕ್ಕೆ ಸರಿಸಿ ಓದಿ. ಐದೂವರೆ ಗಂಟೆಯ ದೇಶಕ್ಕೆ ಮಾತ್ರ ಸಿಗುವ ಅನುಕೂಲ ಇದು. ಬೇಸಿಗೆಯಲ್ಲಿ ಲಂಡನ್ನಿನವರು ಒಂದು ಗಂಟೆ ಮುಂದೆ ಇರುತ್ತಾರೆ, ಆದರೆ ನಿಮ್ಮ ರೇಡಿಯೊ ಪುಸ್ತಕಕ್ಕೆ ಅದನ್ನು ಸೇರಿಸಬೇಡಿ.