ಹಿಂದಿನ ರೂಮಿಗೆ ವೈಫೈ ಬರ್ತಿಲ್ಲ

ಪ್ರಶ್ನೆ: ಜಯನಗರದಲ್ಲಿ ನಮ್ದು ಹಳೇ ಮನೆ, ದಪ್ಪ ಗೋಡೆ. ಹಾಲ್‌ನಲ್ಲಿ ವೈಫೈ ಚೆನ್ನಾಗಿದೆ, ಹಿಂದಿನ ರೂಮಲ್ಲಿ ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತೆ. ಹೊಸ ರೂಟರ್ ತಗೋಬೇಕಾ ಸರ್?

ಉತ್ತರ: ದುಡ್ಡು ಹಾಕೋಕ್ ಮುಂಚೆ ಇರೋ ರೂಟರನ್ನೇ ಟಿವಿ ಹಿಂದಿಂದ ತೆಗ್ದು ಮನೆ ಮಧ್ಯದಲ್ಲಿ ಸ್ವಲ್ಪ ಎತ್ತರಕ್ಕೆ ಇಟ್ಟು ನೋಡಿ. ವೈಫೈ ಸಿಗ್ನಲ್‌ನಲ್ಲಿ ಮುಖ್ಯವಾಗಿ ಎರಡು ಬ್ಯಾಂಡ್: 5 ಗಿಗಾಹರ್ಟ್ಸ್ ಸ್ಪೀಡ್ ಜಾಸ್ತಿ ಆದ್ರೂ ಗೋಡೆ ದಾಟೋದ್ರಲ್ಲಿ ವೀಕು, 2.4 ಗಿಗಾಹರ್ಟ್ಸ್ ದೂರ ಹೋಗುತ್ತೆ, ಆ ರೂಮಲ್ಲಿ ಅದಕ್ಕೇ ಕನೆಕ್ಟ್ ಮಾಡಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಡ್ಯುಯಲ್ ಬ್ಯಾಂಡ್ (ಈ ಎರಡೂ ಬ್ಯಾಂಡ್ ಕೊಡೋದು), ಗಿಗಾಬಿಟ್ ಪೋರ್ಟ್ (1000 ಎಂಬಿಪಿಎಸ್‌ವರೆಗೆ ಸ್ಪೀಡ್ ಕೊಡೋ ಕೇಬಲ್ ಕಿಂಡಿ) ಇರೋದೇ ಕೇಳಿ ತಗೊಳ್ಳಿ. ಪೋರ್ಟ್ 100 ಎಂಬಿಪಿಎಸ್‌ದಾದ್ರೆ 200 ಎಂಬಿಪಿಎಸ್ ಪ್ಲಾನ್‌ಗೆ ಕಟ್ಟೋ ಹೆಚ್ಚಿನ ದುಡ್ಡು ದಂಡ. ಹಾಕಿದ ತಕ್ಷಣ ಅಡ್ಮಿನ್ ಪಾಸ್‌ವರ್ಡ್ (ರೂಟರ್ ಸೆಟ್ಟಿಂಗ್ಸ್ ತೆರೆಯೋದು) ಬದಲಾಯಿಸಿ, ದಯವಿಟ್ಟು ಮರೀಬೇಡಿ.