ಚಿಕ್ಕಪ್ಪ ಕಟ್ಟಿದ ಹಳೇ ಜೂನಿಯರ್ 60 ವಿಮಾನಕ್ಕೆ ಎಲೆಕ್ಟ್ರಿಕ್ ಮೋಟಾರ್ ಹಾಕಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ ಸರ್: ದಾವಣಗೆರೆ ಮನೆಯ ಅಟ್ಟದಲ್ಲಿ ಚಿಕ್ಕಪ್ಪ ಕಟ್ಟಿದ್ದ ರೇಡಿಯೋ ಕಂಟ್ರೋಲ್ ವಿಮಾನ ಸಿಕ್ಕಿದೆ. ಜೊತೆಗೆ ‘ಜೂನಿಯರ್ 60’ ಅಂತ ಬರೆದ ಪ್ಲಾನ್ ಹಾಳೆ ಇದೆ. ಎಂಜಿನ್ ಜಾಮ್ ಆಗಿದೆ. ಎಲೆಕ್ಟ್ರಿಕ್ ಮಾಡಬಹುದಾ, ಎಷ್ಟು ದೊಡ್ಡ ಮೋಟಾರ್ ಬೇಕು?

ಧಾರಾಳವಾಗಿ ಮಾಡಬಹುದು. ನಾನು ಚಿತ್ರದುರ್ಗದಲ್ಲಿ ಇದೇ ಹುಚ್ಚು ಹಚ್ಚಿಕೊಂಡು ಕೂತಿರುವವನು. ಎಲ್ಲರೂ ಮೊದಲು ಮೋಟಾರ್ ಬಗ್ಗೆಯೇ ಕೇಳುತ್ತಾರೆ. ಅದನ್ನು ಆರಿಸುವುದು ಸುಲಭ. ಕೆಲಸ ಇರುವುದು ಎಣ್ಣೆ ಕುಡಿದ ಮರದಲ್ಲಿ, ಆಮೇಲೆ ತೂಕವನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದರಲ್ಲಿ.

ಜೂನಿಯರ್ 60 ಇಂಗ್ಲೆಂಡಿನ ಕೀಲ್‌ಕ್ರಾಫ್ಟ್ ಕಂಪನಿಯ 1946ರ ಡಿಸೈನ್. 60 ಅಂದರೆ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಯ ತನಕದ ಅಳತೆ, ಇಂಚಿನಲ್ಲಿ. ಮೂಲದಲ್ಲಿ ಅದು ಫ್ರೀ ಫ್ಲೈಟ್ ವಿಮಾನ, ಅಂದರೆ ಹಾರಿಸಿ ಬಿಟ್ಟರೆ ತನ್ನ ಪಾಡಿಗೆ ಸುತ್ತುವಂಥದ್ದು. ರೇಡಿಯೋ ಆಮೇಲೆ ಬಂತು. ಹಾಗಾಗಿ ಅದಕ್ಕೆ ವೇಗ ಬೇಕಿಲ್ಲ, ನಿಧಾನಕ್ಕೆ ತೇಲಿದರೆ ಸಾಕು. ಎಲೆಕ್ಟ್ರಿಕ್‌ಗೆ ಹೇಳಿ ಮಾಡಿಸಿದ ವಿಮಾನ ಅದು.

ಎಂಜಿನ್‌ಗೆ ಪ್ಲಗ್ ಇಲ್ಲ, ತಲೆ ಮೇಲೆ ತಿರುಗಿಸುವ ಸ್ಕ್ರೂ ಇದೆ ಅಂದಿದ್ದೀರಿ. ಹಾಗಾದರೆ ಅದು ಡೀಸೆಲ್ ಎಂಜಿನ್. ಹೆಸರಿಗೆ ಮಾತ್ರ ಡೀಸೆಲ್, ಬಂಕ್‌ನಲ್ಲಿ ಸಿಗುವುದು ಅದಕ್ಕೆ ನಡೆಯುವುದಿಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಓಡಿಸುತ್ತಿದ್ದರು. ಆ ಹರಳೆಣ್ಣೆಯೇ ಒಳಗೆ ಅಂಟಾಗಿ ಎಂಜಿನ್ ಹಿಡಿದುಕೊಂಡಿರುತ್ತದೆ. ಹೇರ್ ಡ್ರೈಯರ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಇಕ್ಕಳ ಹಾಕಿ ತಿರುಗಿಸಬೇಡಿ. ಗುಜರಿಗಂತೂ ಹಾಕಲೇಬೇಡಿ. ಒಂದೆರಡು ತೊಟ್ಟು ಎಣ್ಣೆ ಬಿಟ್ಟು ಶೋಕೇಸ್‌ನಲ್ಲಿಡಿ.

ಈಗ ಮೂತಿಗೆ ಬನ್ನಿ. ಎಂಜಿನ್ ಬಿಚ್ಚಿ, ಹಿಂದಿನ ಬಾಲ್ಸಾ ಅನ್ನುವ ಹಗುರ ಮರಕ್ಕೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಒಣ ಬಾಲ್ಸಾದಲ್ಲಿ ಉಗುರಿನ ಗೆರೆ ಬಿಳಿಯಾಗಿ ನಿಲ್ಲುತ್ತದೆ. ಎಣ್ಣೆ ಕುಡಿದಿದ್ದರೆ ಮರ ಕಂದು ಬಣ್ಣಕ್ಕೆ ತಿರುಗಿ ಮೆತ್ತಗೆ ಒಳಗೆ ಹೋಗುತ್ತದೆ, ಉಗುರಿಗೆ ಜಿಡ್ಡು ಅಂಟುತ್ತದೆ. ಅದರ ಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಹಳೇ ಬಣ್ಣ ಕೆರೆದು, ಕಾರ್ನ್‌ಫ್ಲೋರ್ ದಪ್ಪಗೆ ಮೆತ್ತಿ, ಡ್ರೈಯರ್‌ನಲ್ಲಿ ಬಿಸಿ ಮಾಡಿ. ಹಿಟ್ಟು ಎಣ್ಣೆ ಹೀರಿ ಹಳದಿಯಾಗುತ್ತದೆ. ಕೊಡವಿ, ಮತ್ತೆ ಮೆತ್ತಿ. ಹಿಟ್ಟು ಬೆಳ್ಳಗೇ ಉಳಿಯುವ ತನಕ ಬಿಡಬೇಡಿ. ಕೊನೆಗೆ ಅಸಿಟೋನ್‌ನಲ್ಲಿ ಒರೆಸಿ, ಕಿಟಕಿ ತೆಗೆದಿಟ್ಟು, ಹತ್ತಿರ ಬೆಂಕಿ ಇಲ್ಲದಂತೆ. ಅಷ್ಟಾದರೂ ಮೆತ್ತಗಿರುವ ಮರವನ್ನು ಕತ್ತರಿಸಿ ಹೊಸದು ಹಾಕುವುದೇ ವಾಸಿ.

ಹಳೇ ಎಂಜಿನ್ ಎರಡು ಗಟ್ಟಿ ಮರದ ಪಟ್ಟಿಗಳ ನಡುವೆ ಕೂತಿರುತ್ತದೆ. ಮೋಟಾರ್‌ಗೆ ಎದುರಿಗೆ ಒಂದು ಅಡ್ಡ ಹಲಗೆ ಬೇಕು. ಪಟ್ಟಿಗಳನ್ನು ಕತ್ತರಿಸುವ ಬದಲು ಅವುಗಳ ತುದಿಗೆ 6 ಮಿಲಿಮೀಟರ್ ಪ್ಲೈವುಡ್ ಹಲಗೆಯನ್ನು ಸ್ಕ್ರೂ ಹಾಕಿ ಕೂರಿಸಿ. ನಾಳೆ ಡೀಸೆಲ್ ಓಡಿಸುವ ಮನಸ್ಸಾದರೆ ಬಿಚ್ಚಿದರಾಯಿತು. ಪ್ಲಾನ್‌ನಲ್ಲಿ ಎಂಜಿನ್ ಸ್ವಲ್ಪ ಕೆಳಗೆ ಬಾಗಿರುವುದು ಕಾಣುತ್ತದೆ. ಆ ಕೋನವನ್ನು ವಾಷರ್ ಕೊಟ್ಟು ಹಾಗೇ ಉಳಿಸಿ. ಪವರ್ ಕೊಟ್ಟ ತಕ್ಷಣ ಮೂತಿ ಎತ್ತುವ ಚಾಳಿ ಇಂಥ ವಿಮಾನಗಳಿಗೆ ಜಾಸ್ತಿ.

ಇನ್ನು ಲೆಕ್ಕ. ಎಲ್ಲಾ ಸೇರಿ 1.6 ಕೆಜಿ ಅಂದುಕೊಳ್ಳಿ. ಇಂಥ ನಿಧಾನದ ವಿಮಾನಕ್ಕೆ ಕೆಜಿಗೆ 150 ವಾಟ್ ಸಾಕು, ಅಂದರೆ 240 ವಾಟ್. ಮೂರು ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 11.1 ವೋಲ್ಟ್, ಹಾಗಾಗಿ ಫುಲ್ ಥ್ರಾಟಲ್‌ನಲ್ಲಿ ಸುಮಾರು 22 ಆಂಪಿಯರ್. ಮೋಟಾರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್, ಅಂದರೆ ಇಎಸ್‌ಸಿ, 40 ಆಂಪಿಯರ್‌ದು ಹಾಕಿದರೆ ಬಿಸಿಯ ಚಿಂತೆ ಇಲ್ಲ. ಮೋಟಾರ್ 800 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ, ಕಿಲೋವೋಲ್ಟ್ ಅಲ್ಲ) ಆಸುಪಾಸಿನ ಬ್ರಶ್‌ಲೆಸ್ ಔಟ್‌ರನ್ನರ್, ಅಂದರೆ ಹೊರಗಿನ ಕವಚವೇ ತಿರುಗುವಂಥದ್ದು, ಇರಲಿ, 11 ಅಥವಾ 12 ಇಂಚಿನ ಪ್ರೊಪೆಲ್ಲರ್. ಜಾಸ್ತಿ ಕೆವಿಯ ಮೋಟಾರ್‌ಗೆ ಚಿಕ್ಕ ಪ್ರೊಪೆಲ್ಲರ್ ಹಾಕಿ ಕಿರುಚಿಸುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಈ ವಿಮಾನದ ಚೆಂದವೇ ದೊಡ್ಡ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗುವುದರಲ್ಲಿದೆ. ವಾಟ್ ಮೀಟರ್ ಒಂದು ತಗೊಳ್ಳಿ, ಅಂದಾಜಿನ ಮೇಲೆ ನಡೆಯಬೇಡಿ.

ಮೋಟಾರ್ ಎಂಜಿನ್‌ಗಿಂತ ಹಗುರ. ಟ್ಯಾಂಕ್ ಕೂಡ ಹೋಯಿತು. ಮೂತಿ ಹಗುರಾದರೆ ಸೀಸ ತುಂಬಬೇಡಿ, ಬ್ಯಾಟರಿಯನ್ನೇ ಟ್ಯಾಂಕ್ ಇದ್ದ ಜಾಗಕ್ಕೆ ತಳ್ಳಿ. ಪ್ರತಿ ಸಲ ರೆಕ್ಕೆಯ ರಬ್ಬರ್ ಬ್ಯಾಂಡ್ ಬಿಚ್ಚುವ ಬದಲು ಮೇಲಿಂದ ಒಂದು ಮುಚ್ಚಳ ಮಾಡಿಕೊಳ್ಳಿ. ಫ್ರೀ ಫ್ಲೈಟ್ ಪ್ಲಾನ್‌ಗಳಲ್ಲಿ ಬ್ಯಾಲೆನ್ಸ್ ಪಾಯಿಂಟ್, ಅಂದರೆ ಬೆರಳ ಮೇಲಿಟ್ಟರೆ ವಿಮಾನ ಸಮವಾಗಿ ನಿಲ್ಲುವ ಜಾಗ, ಸಾಕಷ್ಟು ಹಿಂದಿರುತ್ತದೆ. ರೇಡಿಯೋದಲ್ಲಿ ಮೊದಲ ಹಾರಾಟಕ್ಕೆ ಅದಕ್ಕಿಂತ ಸ್ವಲ್ಪ ಮುಂದಿಟ್ಟುಕೊಳ್ಳಿ.

ಹಳೇ ರೇಡಿಯೋ, ಸರ್ವೋ (ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರ್), ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಎಲ್ಲಾ ತೆಗೆದುಬಿಡಿ. 2.4 ಗಿಗಾಹರ್ಟ್ಸ್‌ನ ಹೊಸ ರೇಡಿಯೋ ಸೆಟ್ ಹಾಕಿ, ಅಷ್ಟೇ.

ಒಂದು ಎಚ್ಚರಿಕೆ. ಡೀಸೆಲ್ ಎಂಜಿನ್ ಬೆರಳು ನೋಯುವಷ್ಟು ಹೊಡೆದರೂ ಸ್ಟಾರ್ಟ್ ಆಗದು. ಮೋಟಾರ್ ಹಾಗಲ್ಲ, ಬ್ಯಾಟರಿ ಸಿಕ್ಕಿಸಿದ ಮೇಲೆ ರಿಮೋಟ್‌ನ ಸ್ಟಿಕ್‌ಗೆ ಕೈ ತಾಗಿದರೂ ತಿರುಗಿಬಿಡುತ್ತದೆ. ಸೆಟಪ್ ಎಲ್ಲಾ ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಲಿಪೋವನ್ನು ಕಾರಿನಲ್ಲಿ ಬಿಡಬೇಡಿ.

ಹಾರಿಸಲು ನವೆಂಬರ್‌ನಿಂದ ಫೆಬ್ರವರಿ ತನಕ ಬೆಳಗಿನ ಹೊತ್ತು ಒಳ್ಳೆಯದು. ಆಷಾಢದ ಗಾಳಿಗೆ ಇದು ಹಿಂದಕ್ಕೇ ಹೋಗುತ್ತದೆ. ನಾನು ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರ ನೋಡಿ ಹೊರಡುತ್ತೇನೆ. ಅವು ಜೋರಾಗಿ ತಿರುಗುತ್ತಿದ್ದರೆ ವಿಮಾನ ಮನೆಯಲ್ಲೇ. ಬಯಲು ಚೆನ್ನಾಗಿದೆ ಅಂತ ಚಳ್ಳಕೆರೆ ಕಡೆ ಹೋಗಬೇಡಿ. ಅಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, ಇಸ್ರೋ ತನ್ನ ಪುಷ್ಪಕ್ ಅನ್ನುವ ರೆಕ್ಕೆಯಿರುವ ಮರುಬಳಕೆ ಉಡಾವಣಾ ವಾಹನ ಇಳಿಸಿದ್ದೂ ಅಲ್ಲೇ. ಎಲ್ಲಿಗೆ ಹೋಗುವ ಮುಂಚೆಯೂ ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಹಸಿರು ವಲಯದಲ್ಲೂ 400 ಅಡಿಯೇ ಮಿತಿ.

ರೆಕ್ಕೆಯ ಬಗ್ಗೆ ನೀವು ಏನೂ ಬರೆದಿಲ್ಲ. ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ, ನಡುವಿನ ಜಾಯಿಂಟ್‌ನಲ್ಲಿ ಕಿರ್ ಅಂದರೆ ಅಂಟು ಬಿಟ್ಟಿದೆ ಅಂತ ಅರ್ಥ. ಹಾಗಿದ್ದರೆ ಅಲ್ಲಿನ ಹೊದಿಕೆ ಬಿಚ್ಚಿ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.