ಮಣ್ಣು–ಬೆಳೆ ಪ್ರಶ್ನೋತ್ತರ: ಹಾಕಿದ ಸಾರಜನಕ ಎಲ್ಲಿ ಹೋಯಿತು?

ಪ್ರಶ್ನೆ: ಮೆಕ್ಕೆಜೋಳಕ್ಕೆ ಮೇಲುಗೊಬ್ಬರವಾಗಿ ಯೂರಿಯಾ ಎರಚಿದೆ. ಮಣ್ಣಿನಲ್ಲಿ ಹದವಿತ್ತು, ಆದರೆ ಆಮೇಲೆ ಒಂದು ವಾರ ಮಳೆಯಾಗಲಿಲ್ಲ. ಬೆಳೆ ಹಸಿರೇರಲೇ ಇಲ್ಲ. ಗೊಬ್ಬರ ಕಳಪೆಯೇ?

ಉತ್ತರ: ಗೊಬ್ಬರವನ್ನು ದೂರುವ ಮೊದಲು ಆ ಹದವನ್ನೇ ಅನುಮಾನಿಸಿ. ಮಣ್ಣು ಒದ್ದೆಯಿದ್ದು ಮೇಲಿಂದ ನೀರು ಬೀಳದಿರುವುದು ಯೂರಿಯಾಕ್ಕೆ ಅತಿ ಕೆಟ್ಟ ಸ್ಥಿತಿ. ಒಣ ಮಣ್ಣಿನಲ್ಲಿ ಯೂರಿಯಾ ಕಾಳು ಬಹುಮಟ್ಟಿಗೆ ಹಾಗೇ ಕೂತಿರುತ್ತದೆ. ಹದವಿದ್ದರೆ ಕರಗುತ್ತದೆ, ಆದರೆ ಕೆಳಗಿಳಿಯಲು ನೀರಿರುವುದಿಲ್ಲ. ಮಣ್ಣಿನಲ್ಲೂ ಕಸಕಡ್ಡಿಯಲ್ಲೂ ಇರುವ ಯೂರಿಯೇಸ್ ಕಿಣ್ವ ಕೆಲವೇ ದಿನಗಳಲ್ಲಿ ಅದನ್ನು ಒಡೆದು ಅಮೋನಿಯಂ ಆಗಿಸುತ್ತದೆ. ಆಗ ಕಾಳಿನ ಸುತ್ತಲಿನ ರಸಸಾರ (ಹುಳಿ–ಕ್ಷಾರದ ಅಳತೆ, pH) 9ರ ಹತ್ತಿರಕ್ಕೂ ಏರಬಹುದು. ರಸಸಾರ 7 ಇದ್ದಾಗ ಅಮೋನಿಯಂನ ನೂರರಲ್ಲಿ ಒಂದು ಪಾಲೂ ಅಮೋನಿಯಾ ಅನಿಲದ ರೂಪದಲ್ಲಿರುವುದಿಲ್ಲ, 9.25ರ ಸುಮಾರಿಗೆ ಅರ್ಧದಷ್ಟು ಅದೇ ಆಗಿರುತ್ತದೆ, ಗಾಳಿಗೆ ಹಾರಿಹೋಗುತ್ತದೆ. ಸುಣ್ಣದ ಅಂಶವಿರುವ ಅಥವಾ ಮರಳು ಹೆಚ್ಚಿರುವ ಮಣ್ಣು, ಬಿಸಿಲು, ಮೇಲೆ ಹರಡಿದ ಕೂಳೆ ಸೇರಿಕೊಂಡರೆ ಹಾಕಿದ್ದರಲ್ಲಿ ಮೂರನೇ ಒಂದು ಪಾಲು ಹೋದರೂ ಅಚ್ಚರಿಯಿಲ್ಲ.

ಕಣ್ಣಾರೆ ನೋಡಬೇಕೆಂದರೆ ಎರಡು ಅಗಲಬಾಯಿಯ ಗಾಜಿನ ಬಾಟಲಿಗಳಲ್ಲಿ ಹದವಾದ ಹೊಲದ ಮಣ್ಣು ತುಂಬಿ. ಒಂದರಲ್ಲಿ ಅರ್ಧ ಚಮಚ ಯೂರಿಯಾವನ್ನು ಮೇಲೆ ಉದುರಿಸಿ, ಇನ್ನೊಂದರಲ್ಲಿ ಅಷ್ಟನ್ನೇ 5 ಸೆಂಟಿಮೀಟರ್ ಆಳದಲ್ಲಿಟ್ಟು ಮಣ್ಣು ಒತ್ತಿ. ಎರಡರಲ್ಲೂ ನೀರಲ್ಲಿ ಅದ್ದಿದ ಕೆಂಪು ಲಿಟ್ಮಸ್ ಕಾಗದವನ್ನು ಮಣ್ಣಿಗೆ ತಾಗದಂತೆ ತೂಗುಹಾಕಿ ಮುಚ್ಚಳ ಬಿಗಿಯಿರಿ. ಅಮೋನಿಯಾ ತಾಗಿ ಮೊದಲು ನೀಲಿಯಾಗುವುದು ಮೇಲೆ ಉದುರಿಸಿದ ಬಾಟಲಿಯ ಕಾಗದ.

ಪರಿಹಾರವೂ ಅದೇ: ಸಾಲಿನ ಪಕ್ಕ 5 ಸೆಂಟಿಮೀಟರ್ ಆಳಕ್ಕೆ ಹಾಕಿ ಮಣ್ಣು ಮುಚ್ಚಿ. ಆಗದಿದ್ದರೆ ಅದೇ ದಿನ ಅಥವಾ ಮರುದಿನ 10ರಿಂದ 15 ಮಿಲಿಮೀಟರ್ ನೀರು, ಅಂದರೆ ಚದರ ಮೀಟರಿಗೆ 10–15 ಲೀಟರ್, ಕೊಡಿ. ಒಡೆಯುವ ಮುನ್ನ ಯೂರಿಯಾ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರಿನ ಜೊತೆಗೇ ಇಳಿಯುತ್ತದೆ. ಹಾಗಾಗಿ ಇಷ್ಟು ಸಾಕು. ಹೊಲ ತುಂಬುವಷ್ಟು ಬಿಟ್ಟರೆ ಬೇರನ್ನೂ ದಾಟಿಹೋದೀತು.

ಗೊಬ್ಬರದ ಜೊತೆ ಬರುವ ತಡೆಕಾರಕಗಳಲ್ಲಿ ಎರಡು ಬಗೆ. ಎನ್‌ಬಿಪಿಟಿ ಯೂರಿಯೇಸನ್ನು ತಡೆಯುತ್ತದೆ, ಮಳೆಗೆ ಒಂದೆರಡು ವಾರ ಕಾಯುವ ಅವಕಾಶ ಕೊಡುತ್ತದೆ. ಡಿಸಿಡಿ, ಡಿಎಂಪಿಪಿಗಳ ಕೆಲಸ ಬೇರೆ: ಅಮೋನಿಯಂ ಬದಲಾಗಿ ನೈಟ್ರೇಟ್ ಆಗುವುದನ್ನು ನಿಧಾನಿಸಿ, ನೈಟ್ರೇಟ್ ಬಸಿದು ಹೋಗುವುದನ್ನೂ ನೈಟ್ರಸ್ ಆಕ್ಸೈಡ್ ಅನಿಲವನ್ನೂ ಕಡಿಮೆ ಮಾಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಶಾಖ ಹಿಡಿಯುವಂಥದ್ದು, ಆದ್ದರಿಂದ ಅದು ಸಣ್ಣ ಲಾಭವಲ್ಲ. ಆದರೆ ಎರಡನೇ ಬಗೆಯದನ್ನು ಮಾತ್ರ ಬೆರೆಸಿ ಮೇಲೆ ಎರಚಿದರೆ ಅಮೋನಿಯಂ ಹೆಚ್ಚು ದಿನ ಮೇಲೇ ಉಳಿದು, ಅಮೋನಿಯಾ ನಷ್ಟ ಹೆಚ್ಚಲೂಬಹುದು. ಚೀಲದ ಮೇಲೆ ಯಾವುದೆಂದು ಓದಿಯೇ ಕೊಳ್ಳಿ.

ಪ್ರಶ್ನೆ: ಹಿಂದಿನ ಬೆಳೆಯ ಒಣಹುಲ್ಲನ್ನು ಸುಡದೆ ಉತ್ತು ಮಣ್ಣಿಗೆ ಸೇರಿಸಿದೆ. ಈಗ ಹೊಸ ಪೈರು ಹಳದಿಯಾಗಿದೆ. ಸುಟ್ಟಿದ್ದರೇ ಚೆನ್ನಾಗಿತ್ತೇ?

ಉತ್ತರ: ಖಂಡಿತ ಇಲ್ಲ. ಸುಟ್ಟರೆ ಹುಲ್ಲಿನಲ್ಲಿದ್ದ ಸಾರಜನಕ ಬಹುಪಾಲು ಹೊಗೆಯ ಜೊತೆ ಹೋಗುತ್ತಿತ್ತು. ಈಗ ಅದು ಮಣ್ಣಿನಲ್ಲೇ ಇದೆ, ಸೂಕ್ಷ್ಮಜೀವಿಗಳ ಮೈಯಲ್ಲಿ. ಲೆಕ್ಕ ಹೀಗೆ: ಒಂದು ಟನ್ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲ, 5 ಕಿಲೋ ಸಾರಜನಕ. ಜೀವಿಗಳು ಇಂಗಾಲದ ಮೂರನೇ ಒಂದು ಪಾಲನ್ನು ಮೈಗೂಡಿಸಿಕೊಂಡರೆ, ಪ್ರತಿ 8 ಪಾಲು ಇಂಗಾಲಕ್ಕೆ 1 ಪಾಲಿನಂತೆ ಅವಕ್ಕೆ 16 ಕಿಲೋಗಿಂತ ಹೆಚ್ಚು ಸಾರಜನಕ ಬೇಕು. ಕೊರತೆಯನ್ನು ಪೈರಿನ ಬೇರಿನ ಬಳಿಯಿಂದಲೇ ಕಿತ್ತುಕೊಳ್ಳುತ್ತವೆ. ಹುಲ್ಲೆಲ್ಲ ಒಮ್ಮೆಗೇ ಕೊಳೆಯುವುದಿಲ್ಲವಾದ್ದರಿಂದ ಹೊಲದಲ್ಲಿ ಕೊರತೆ ಇದಕ್ಕಿಂತ ಕಡಿಮೆ.

ಮೊದಲು ಎಲೆ ನೋಡಿ. ಹಳೆಯ ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗಿದ್ದರೆ ಸಾರಜನಕದ್ದೇ ಕೊರತೆ. ಹೊಸ ಎಲೆ ಮೊದಲು ಬಿಳಿಚಿಕೊಂಡಿದ್ದರೆ ಗಂಧಕದ ಕೊರತೆಯಿರಬಹುದು. ಆಗ ಯೂರಿಯಾ ಸುರಿದು ಫಲವಿಲ್ಲ. ಸಾರಜನಕದ ಕೊರತೆಯೇ ಆದರೆ ಈಗ ಮುಂದಿನ ಕಂತಿನ ಮೇಲುಗೊಬ್ಬರವನ್ನು ತುಸು ಮುಂಚೆ, ಸಾಲಿನ ಪಕ್ಕ ಆಳದಲ್ಲಿ ಕೊಡಿ. ಎರಚಿದರೆ ಹುಲ್ಲಿನ ಜೀವಿಗಳಿಗೇ ಮೊದಲ ಪಾಲು. ಮುಂದಿನ ಸಲ ಬಿತ್ತನೆಗೆ ಮೂರು–ನಾಲ್ಕು ವಾರ ಮೊದಲೇ, ಹದವಿರುವಾಗ ಹುಲ್ಲನ್ನು ಸೇರಿಸಿ, ಇಲ್ಲವೇ ಮೇಲೆ ಹೊದಿಕೆಯಾಗಿ ಬಿಡಿ.

ಪ್ರಶ್ನೆ: ಸೋಯಾ ಬೇರಿನಲ್ಲಿ ಗಂಟುಗಳಿವೆ. ಅವು ಕೆಲಸ ಮಾಡುತ್ತಿವೆಯೆಂದು ತಿಳಿಯುವುದು ಹೇಗೆ?

ಉತ್ತರ: ಹೂ ಬಿಡುವ ಹೊತ್ತಿಗೆ ಗಿಡವನ್ನು ಕೀಳದೆ ಸುತ್ತ ಅಗೆದು ಎತ್ತಿ, ಕಿತ್ತರೆ ಗಂಟುಗಳು ಮಣ್ಣಲ್ಲೇ ಉದುರುತ್ತವೆ. ನೀರಲ್ಲಿ ನೆನೆಸಿ ತೊಳೆದು, ಬ್ಲೇಡಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪಾಗಿದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ. ಆ ಬಣ್ಣ ಗಂಟಿನೊಳಗಿನ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು. ಬಿಳಿ ಇದ್ದರೆ ಇನ್ನೂ ಎಳೆಯದು ಅಥವಾ ನಿಷ್ಪ್ರಯೋಜಕ, ಹಸಿರು ಇದ್ದರೆ ಮುಗಿದದ್ದು. ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಗಿಡ ಗಂಟು ಕಟ್ಟುವ ಶ್ರಮಕ್ಕೇ ಹೋಗುವುದಿಲ್ಲ. ಹುಳಿ ಮಣ್ಣು, ಮಾಲಿಬ್ಡಿನಂ ಕೊರತೆಯೂ ಕಾರಣವಾಗಬಹುದು. ಬೀಜೋಪಚಾರದಲ್ಲಿ ಶಿಲೀಂಧ್ರನಾಶಕ ಮೊದಲು, ಗಂಟು ಕಟ್ಟಿಸುವ ಜೀವಾಣು ಕೊನೆಗೆ. ನೆರಳಲ್ಲಿ ಆರಿಸಿ ಅಂದೇ ಬಿತ್ತಿ. ಸೋಯಾಕ್ಕೆ ಬ್ರಾಡಿರೈಜೋಬಿಯಂ ಎಂಬ ಜೀವಾಣು ಬೇಕು, ಬಟಾಣಿಯದು ಇದಕ್ಕೆ ಒಗ್ಗದು.

ಪ್ರಶ್ನೆ: ಧಾನ್ಯದ ಬೆಳೆ ತಾನೇ ಗಾಳಿಯ ಸಾರಜನಕ ಹಿಡಿಯುವ ದಿನ ಬಂದಿದೆಯೇ?

ಉತ್ತರ: ಹೊಲಕ್ಕೆ ಇನ್ನೂ ಇಲ್ಲ. ಮೆಕ್ಸಿಕೋದ ಸಿಯೆರಾ ಮಿಕ್ಸೆಯ ಒಂದು ಸ್ಥಳೀಯ ಮೆಕ್ಕೆಜೋಳ ತನ್ನ ಸಾರಜನಕದ 29ರಿಂದ 82 ಶೇಕಡವನ್ನು ಗಾಳಿಯಿಂದ ಪಡೆಯುತ್ತದೆ ಎಂದು 2018ರಲ್ಲಿ ವರದಿಯಾಯಿತು. ಅದರ ಗಾಳಿಬೇರುಗಳು ಸುರಿಸುವ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳು ಈ ಕೆಲಸ ಮಾಡುತ್ತವೆ. 2024ರಲ್ಲಿ ಸಮುದ್ರದ ಒಂದು ಪಾಚಿಯ ಕೋಶದೊಳಗೆ ಸಾರಜನಕ ಹಿಡಿಯುವ ಅಂಗವೇ ಇದೆಯೆಂದು ಗೊತ್ತಾಗಿ ಅದಕ್ಕೆ ನೈಟ್ರೋಪ್ಲಾಸ್ಟ್ ಎಂದು ಹೆಸರಿಟ್ಟರು. ನಮಗೆ ಇವೆರಡೂ ಬಹಳ ಭರವಸೆಯ ಸುದ್ದಿ. ಆದರೆ ಆ ಮೆಕ್ಕೆಜೋಳದ ಲೋಳೆ ಒಸರಲು ಗಾಳಿಬೇರು ಒದ್ದೆಯಾಗಿರಬೇಕು, ಜೊತೆಗೆ ಬೆಳೆ ಕೊಯ್ಲಿಗೆ ಬರಲು ಬಹಳ ತಿಂಗಳು ಹಿಡಿಯುತ್ತದೆ. ಈ ಹಂಗಾಮಿನ ಗೊಬ್ಬರದ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.